ಹದಿನೇಳು ಮನೆ ಕೇಳಿದ ಪಿಸುಮಾತು

ಅಕ್ಕನ ಗಂಟಲಿನಿಂದ ಗೋಲಿ ಗಾತ್ರದ ಗಂಟು ತೆಗೆದ ಡಾಕ್ಟರು ಮೊದಲೇ ಹೇಳಿದ್ದರು. "ಧ್ವನಿಯ ನರ ಗಂಟಿಗೆ ಅಂಟಿಕೊಂಡೇ ಇದೆಯಮ್ಮ. ಜೀವಕ್ಕೇನೂ ಆಗಲ್ಲ, ಅದಕ್ಕೆ ನಾನು ಹೊಣೆ. ಧ್ವನಿ ವಿಷಯದಲ್ಲಿ ಮಾತ್ರ ಮಾತು ಕೊಡಲಾರೆ." ಅವರು ಹೇಳಿದ ಹಾಗೇ ಆಯಿತು. ಜೀವ ಉಳಿಯಿತು, ಗಾಯ ಮಾಯಿತು, ಧ್ವನಿ ಹೋಯಿತು. ಪೂರ್ತಿ ಹೋಯಿತು ಅನ್ನುವ ಹಾಗಿಲ್ಲ. ಸೈಕಲ್ ಟ್ಯೂಬಿನಿಂದ ಗಾಳಿ ಸೋರುವಾಗ ಬರುತ್ತದಲ್ಲ, ಅಂಥದ್ದೊಂದು ಸದ್ದು ಉಳಿಯಿತು. ಹತ್ತಿರ ಕೂತರೆ ಮಾತು ತಿಳಿಯುತ್ತಿತ್ತು. ನಾಲ್ಕು ಹೆಜ್ಜೆ ಆಚೆ ನಿಂತರೆ ತುಟಿ ಆಡುವುದು ಮಾತ್ರ ಕಾಣುತ್ತಿತ್ತು.

ಯಾರಿಗಾದರೂ ಇದು ಕಷ್ಟವೇ. ಅದರಲ್ಲೂ ನಮ್ಮಕ್ಕ ಇಪ್ಪತ್ತೆರಡು ವರ್ಷ ರೈಲ್ವೆ ಸ್ಟೇಷನ್ನಿನಲ್ಲಿ ಮೈಕಿನ ಮುಂದೆ ಕೂತು ಗಾಡಿ ಬರುವ ಹೋಗುವ ಹೊತ್ತು ಹೇಳಿದವಳು. ಎರಡನೇ ಪ್ಲಾಟ್‌ಫಾರ್ಮಿನ ಕೊನೆಯಲ್ಲಿ ಮೂಟೆಯ ಮೇಲೆ ತೂಕಡಿಸುತ್ತಿದ್ದವನೂ ಅವಳ ದನಿ ಕೇಳಿ ದಡಬಡಿಸಿ ಏಳುತ್ತಿದ್ದ. ಮನೆಯಲ್ಲೂ ಅದೇ ದನಿ. ಅಡುಗೆಮನೆಯಲ್ಲಿ ನಿಂತು "ಬಟ್ಟೆ ಒಣಗಿದ್ಯೇನೇ" ಅಂದರೆ ರಸ್ತೆಯಾಚೆ ನನ್ನ ಹೊಲಿಗೆ ಅಂಗಡಿಯಲ್ಲಿ ಗಿರಾಕಿಗಳು ತಮ್ಮ ಬಟ್ಟೆ ನೆನೆಸಿಕೊಳ್ಳುತ್ತಿದ್ದರು.

ಸ್ಟೇಷನ್ನಿನವರು ಅವಳನ್ನು ಕಡತದ ಕೋಣೆಗೆ ಹಾಕಿದರು. ಅದನ್ನು ಅವಳು ನಗುತ್ತಲೇ ಒಪ್ಪಿಕೊಂಡಳು. "ಗಾಡಿಗಳು ನಾನು ಹೇಳಿದ್ರೂ ಲೇಟು, ಹೇಳದಿದ್ರೂ ಲೇಟು. ಬಿಡು." ಅವಳಿಗೆ ನೋವಾದದ್ದು ರೇಡಿಯೊ ವಿಷಯದಲ್ಲಿ.

ಅಕ್ಕನಿಗೆ ಹ್ಯಾಮ್ ರೇಡಿಯೊ ಹುಚ್ಚು. ಪರೀಕ್ಷೆ ಕಟ್ಟಿ, ಲೈಸೆನ್ಸ್ ತೆಗೆದುಕೊಂಡು, ಮಹಡಿಯ ಕೋಣೆಯಲ್ಲಿ ಸೆಟ್ ಇಟ್ಟಿದ್ದಳು. ನೀರಿನ ಟ್ಯಾಂಕಿನಿಂದ ಹಿತ್ತಲಿನ ಮರಕ್ಕೆ ಎಳೆದ ತಂತಿಯೇ ಆಂಟೆನಾ. ದಿನಾ ಬೆಳಿಗ್ಗೆ ಆರೂವರೆಗೆ, ನಮ್ಮದೂ ಸೇರಿ, ಹದಿನೇಳು ಊರಿನ ಹದಿನೇಳು ಮನೆಯವರು ಒಂದೇ ಜಾಗದಲ್ಲಿ, ಅಂದರೆ ರೇಡಿಯೊದ ಒಂದೇ ಸಂಖ್ಯೆಯಲ್ಲಿ, ಕೂಡುತ್ತಿದ್ದರು. ಅಕ್ಕ ಒಬ್ಬೊಬ್ಬರನ್ನೇ ಕರೆದು ಹಾಜರಿ ಹಾಕುವಳು. ಅವರು ಹವೆ ಹೇಗಿದೆ, ಸೆಟ್ ಹೇಗಿದೆ, ಮಂಡಿನೋವು ಹೇಗಿದೆ ಎಂದು ಹೇಳುವರು. ಕೇಳಿದರೆ ಹರಟೆ ಅನ್ನಿಸುತ್ತದೆ. ಆದರೆ ಪ್ರವಾಹ ಬಂದ ವರ್ಷ ಫೋನೆಲ್ಲ ಸತ್ತು ಬಿದ್ದಾಗ, ಮೂರು ದಿನ ಯಾರು ಎಲ್ಲಿದ್ದಾರೆ ಎಂಬ ಸುದ್ದಿ ಹೊತ್ತದ್ದು ಇದೇ ಹದಿನೇಳು ಮನೆ. ಅವತ್ತೂ ನಡುವೆ ಕೂತು ನಡೆಸಿದ್ದು ಅಕ್ಕನೇ. ಅವರೆಲ್ಲ ಅವಳನ್ನು ಕರೆಯುತ್ತಿದ್ದದ್ದು ಸ್ಟೇಷನ್ನಕ್ಕ ಅಂತ.

ಆಪರೇಷನ್ ಆಗಿ ಆರು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಅವಳು ಮತ್ತೆ ಸೆಟ್ಟಿನ ಮುಂದೆ ಕೂತಳು. ನಾನೂ ಜೊತೆಗಿದ್ದೆ. ಅವಳಿಲ್ಲದಾಗ ಹಾಜರಿಯನ್ನು ದೂರದ ಊರಿನ ಔಷಧಿ ಅಂಗಡಿಯವರು ಹಾಕುತ್ತಿದ್ದರು. ಅವರು ಮುಗಿಸುವವರೆಗೆ ಕಾದು, ಅಕ್ಕ ಬಾಯನ್ನು ಮೈಕಿಗೆ ಒತ್ತಿಕೊಂಡು ಹೇಳಿದಳು, "ನಾನು ಬಂದೆ."

ಸ್ಪೀಕರಿನಲ್ಲಿ ಸ್ವಲ್ಪ ಹೊತ್ತು ಸರಸರ. ಆಮೇಲೆ ಔಷಧಿ ಅಂಗಡಿಯವರ ದನಿ: "ಯಾರದೋ ಮೈಕ್ ಆನ್ ಆಗಿಯೇ ಉಳಿದಿದೆ ಅನ್ಸುತ್ತೆ. ಬರೀ ಗಾಳಿ ಸದ್ದು ಬರ್ತಿದೆ. ದಯವಿಟ್ಟು ಆಫ್ ಮಾಡಿ."

ಅಕ್ಕ ಎರಡು ಸಲ ಪ್ರಯತ್ನಪಟ್ಟಳು. ಮೈಕಿನ ಗುಂಡಿಯನ್ನು ಪೂರ್ತಿ ತಿರುಗಿಸಿದಳು. ಆಗ ಪ, ಟ, ಕ ಬಂದಾಗೆಲ್ಲ ಸೆಟ್ಟಿನ ಅಳತೆಯ ಮುಳ್ಳು ಚಂಗನೆ ಹಾರಿ, ಪಕ್ಕದ ಸಂಖ್ಯೆಯಲ್ಲಿ ಮಾತಾಡುತ್ತಿದ್ದವರಾರೋ "ಯಾರಪ್ಪಾ ಇದು ಪಟಪಟ ಅನ್ನಿಸ್ತಿರೋದು" ಎಂದು ಗದರಿದರು. ಮಾತು ಮಾತ್ರ ಯಾರಿಗೂ ತಿಳಿಯಲಿಲ್ಲ. ಅಕ್ಕ ಸೆಟ್ ಆಫ್ ಮಾಡಿ, ಒಂದು ಟವೆಲ್ ತಂದು ಅದರ ಮೇಲೆ ಹೊದಿಸಿದಳು. ನಾನು ಏನೋ ಹೇಳಹೋದೆ. "ಬೇಡ ಕಣೇ," ಅಂದಳು.

ಈಗ ನಮ್ಮ ಭಾವನ ವಿಷಯ ಹೇಳಬೇಕು. ಅಕ್ಕನ ಗಂಡ ತಕ್ಕಡಿ ರಿಪೇರಿ ಮಾಡುವವರು. ನನ್ನ ಅಂಗಡಿಯ ಪಕ್ಕದಲ್ಲೇ ಅವರ ಅಂಗಡಿ. ಕಿರಾಣಿ ಅಂಗಡಿಯ ತಕ್ಕಡಿ, ಪೋಸ್ಟಾಫೀಸಿನ ತಕ್ಕಡಿ, ಆಸ್ಪತ್ರೆಯಲ್ಲಿ ಕೂಸು ತೂಗುವ ತಕ್ಕಡಿ, ಎಲ್ಲ ಅವರ ಕೈಗೇ ಬರುತ್ತವೆ. ಮಾತು ಮಾತ್ರ ಬಲು ಕಮ್ಮಿ. "ಹೂಂ" ಅಂದರೆ ದೊಡ್ಡ ಭಾಷಣ. ಅಕ್ಕನ ರೇಡಿಯೊ ಬಗ್ಗೆ ಯಾವತ್ತೂ ಆಸಕ್ತಿ ತೋರಿಸಿದವರಲ್ಲ. "ಮನೇಲಿರೋ ಇಬ್ಬರ ಹತ್ರಾನೇ ಮಾತಾಡೋಕೆ ನಂಗೆ ಏನೂ ತೋಚಲ್ಲ. ಹದಿನೇಳು ಜನರ ಹತ್ರ ಏನಂತ ಮಾತಾಡ್ಲಿ?" ಅನ್ನುತ್ತಿದ್ದರು. ಇಬ್ಬರು ಅಂದರೆ ಅಕ್ಕ ಮತ್ತು ಬೆಕ್ಕು.

ಟವೆಲ್ ಹೊದಿಸಿದ ಮೂರನೇ ದಿನ ಮಧ್ಯಾಹ್ನ ಭಾವ ನನ್ನ ಅಂಗಡಿಗೆ ಬಂದು ನಿಂತರು. ಕೈಯಲ್ಲಿ ಒಂದು ಚೀಟಿ.

"ಏನ್ ಭಾವ?"

"ಆರೂವರೆಗೆ ಚಹಾ ಕೊಟ್ಟಳು," ಅಂದರು.

"ಅದಕ್ಕೇನೀಗ?"

"ಇಷ್ಟು ವರ್ಷದಲ್ಲಿ ಆರೂವರೆಗೆ ಯಾವತ್ತಾದ್ರೂ ಕೊಟ್ಟಿದ್ದಾಳಾ? ಬಿಸಿಯಾಗೇ ಇತ್ತು. ಕುಡಿಯೋಕೆ ಆಗ್ಲಿಲ್ಲ." ಚೀಟಿ ಮುಂದೆ ಹಿಡಿದರು. "ದೀಪದ ಮಾಮನ ನಂಬರ್. ನೀನು ಮಾತಾಡು."

ದೀಪದ ಮಾಮ ಅಂದರೆ ಹದಿನೇಳು ಜನರಲ್ಲಿ ಎಲ್ಲರಿಗಿಂತ ಹಿರಿಯರು. ಸಮುದ್ರದ ದಡದಲ್ಲಿ ಲೈಟ್‌ಹೌಸ್ ನೋಡಿಕೊಳ್ಳುವವರು. ರೇಡಿಯೊ ವಿದ್ಯೆಯಲ್ಲಿ ಪಳಗಿದ ಕೈ. "ನಿಮ್ಮ ಹೆಂಡತಿ, ನೀವೇ ಮಾತಾಡಿ," ಎಂದು ನಾನು ಫೋನು ಹಚ್ಚಿ ಅವರ ಕಿವಿಗೆ ಒತ್ತಿದೆ. ನಾನು ಒಂದು ಕುಪ್ಪಸ ಹೊಲಿದು ಮುಗಿಸಿದರೂ ಅವರ ಮಾತು ಮುಗಿದಿರಲಿಲ್ಲ. ಬೆನ್ನು ತಿರುಗಿಸಿಕೊಂಡು ಸೀಮೆಸುಣ್ಣದಿಂದ ನನ್ನ ಮೇಜಿನ ಮೇಲೆಲ್ಲ ಬರೆದುಕೊಂಡರು.

ಫೋನಿಟ್ಟು ಅವರು ನನಗೆ ವಿವರಿಸಿದರು. ಅಷ್ಟು ಉದ್ದ ಅವರು ಮಾತಾಡಿದ್ದನ್ನು ನಾನು ಅವತ್ತೇ ಕೇಳಿದ್ದು.

"ಇವಳ ಸೆಟ್ ಕಳಿಸೋದು ಬರೀ ಧ್ವನಿಯನ್ನ. ಅದೂ ಅರ್ಧಾನೇ. ಧ್ವನಿಯನ್ನ ರೇಡಿಯೊ ಅಲೆಗೆ ಹಾಕಿದ್ರೆ ಎರಡು ಪಕ್ಕ ಬರುತ್ತಂತೆ, ಎರಡರಲ್ಲೂ ಇರೋದು ಒಂದೇ ಮಾತು. ಒಂದು ಪಕ್ಕ ಬಿಸಾಕ್ತಾರೆ, ನಡುವಿನ ಅಲೆಯನ್ನೂ ಬಿಸಾಕ್ತಾರೆ. ಉಳಿದ ಒಂದು ಪಕ್ಕಕ್ಕೇ ಇರೋ ಶಕ್ತಿಯೆಲ್ಲ ಹಾಕ್ತಾರೆ. ಒಳ್ಳೇ ಉಪಾಯ. ಆದ್ರೆ ಮಾತು ಜೋರಾಗಿದ್ರೆ ಜೋರಾಗಿ ಹೋಗುತ್ತೆ, ಮೆತ್ತಗಿದ್ರೆ ಮೆತ್ತಗೆ ಹೋಗುತ್ತೆ. ಸುಮ್ಮನಿದ್ರೆ ಏನೂ ಹೋಗಲ್ಲ."

"ಹಾಗಾದ್ರೆ ಅಕ್ಕನ ಮಾತನ್ನ ಜೋರು ಮಾಡಿದ್ರಾಯ್ತು."

"ಆಗಲ್ಲ. ಅವಳೇ ಮಾಡಿ ನೋಡಿದ್ಲಲ್ಲ. ಮಾತಿನಲ್ಲಿ ಎಲ್ಲಾ ಅಕ್ಷರ ಒಂದೇ ಎತ್ತರ ಇರಲ್ಲ." ಅವರು ಗೋಡೆಯ ಮೇಲಿದ್ದ ನನ್ನ ಏಳನೇ ತರಗತಿಯ ಗ್ರೂಪ್ ಫೋಟೊ ತೋರಿಸಿದರು. "ನೋಡು, ಚೌಕಟ್ಟು ಇಷ್ಟೇ. ನಿನ್ನ ಮುಖ ಕಾಣ್ಲಿ ಅಂತ ಫೋಟೊನೇ ದೊಡ್ಡದು ಮಾಡಿದ್ರೆ ಈ ಉದ್ದದ ಹುಡುಗೀರ ತಲೆ ಆಚೆ ಹೋಗುತ್ತೆ. ಫೋಟೊಗ್ರಾಫರ್ ಏನ್ ಮಾಡಿದಾನೆ? ಉದ್ದದವರನ್ನ ನೆಲದ ಮೇಲೆ ಕೂರಿಸಿದಾನೆ, ಗಿಡ್ಡದವರನ್ನ ಬೆಂಚ್ ಹತ್ತಿಸಿದಾನೆ. ಈಗ ಎಲ್ಲರ ಮುಖಾನೂ ಕಾಣುತ್ತೆ. ಚೌಕಟ್ಟು ಮಾತ್ರ ಅಷ್ಟೇ ಇದೆ."

"ಧ್ವನಿಗೂ ಹಾಗೆ ಮಾಡಬಹುದಾ?"

"ಕಂಪ್ರೆಸರ್ ಅಂತಾರೆ. ನಾನು ಮಾಡ್ತೀನಿ."

ಮಾಡಲು ಒಂದೂವರೆ ತಿಂಗಳು ಹಿಡಿಯಿತು. ಭಾನುವಾರ ಮಧ್ಯಾಹ್ನ ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು ಬೆಸುಗೆ ಹಾಕುತ್ತಾ ಕೂರುತ್ತಿದ್ದರು. ಸ್ಟೀಲಿನ ಊಟದ ಡಬ್ಬಿಯೊಂದರೊಳಗೆ ಎಲ್ಲವನ್ನೂ ಜೋಡಿಸಿದರು. ಅದರ ಪರೀಕ್ಷೆಗೆ ನಾನೇ ಬಲಿ. ನಾನು ಮೈಕಿನಲ್ಲಿ ಪಿಸುಗುಟ್ಟಬೇಕು, ಅವರು ಹೆಡ್‌ಫೋನ್ ಹಾಕಿಕೊಂಡು ಕೇಳಬೇಕು. ಮೊದಲು ಮಾಡಿದ ಡಬ್ಬಿ ಎತ್ತರದ ಸದ್ದನ್ನೆಲ್ಲ ಕಚಕ್ಕೆಂದು ಕತ್ತರಿಸುತ್ತಿತ್ತು. ಅದರಲ್ಲಿ ನನ್ನ ಮಾತು ತಗಡಿನ ಮೇಲೆ ಮೊಳೆ ಎಳೆದ ಹಾಗೆ ಕೇಳುತ್ತಿತ್ತು. ದೀಪದ ಮಾಮ ಫೋನಿನಲ್ಲಿ ಬೈದರಂತೆ, ಕತ್ತರಿಸಿದರೆ ಅಂಚು ಹರಿದು ಹೊಸ ಸದ್ದು ಹುಟ್ಟುತ್ತದೆ, ಮೆಲ್ಲಗೆ ಅದುಮಬೇಕು ಅಂತ.

"ಅಷ್ಟೂ ಗೊತ್ತಾಗಲ್ವಾ ಭಾವ? ಬಟ್ಟೆ ಉದ್ದವಾಯ್ತು ಅಂತ ಕತ್ತರಿ ಹಾಕ್ತಾರಾ, ನೆರಿಗೆ ಹಿಡೀಬೇಕು," ಅಂದೆ.

ಅವರು ನನ್ನನ್ನೇ ಒಂದು ಗಳಿಗೆ ನೋಡಿ, ಡಬ್ಬಿ ಎತ್ತಿಕೊಂಡು ಹೋದರು. ಮುಂದಿನ ಭಾನುವಾರ ಬಂದದ್ದು ನೆರಿಗೆ ಹಿಡಿಯುವ ಡಬ್ಬಿ. ಕೆಳಸ್ವರದ ಗುಂಯ್ ಅನ್ನುವ ಭಾಗವನ್ನೂ ಅದರಲ್ಲಿ ತೆಗೆದಿದ್ದರು. ಅದು ಶಕ್ತಿಯನ್ನೆಲ್ಲ ತಿಂದು ಹಾಕುತ್ತದೆ, ಮಾತು ತಿಳಿಯಲು ಏನೂ ಉಪಕಾರವಿಲ್ಲ ಎಂದು.

"ಅದುಮುವ ಗುಂಡಿಯನ್ನು ಹತ್ತರ ಗುರುತು ದಾಟಿಸಬೇಡಿ" ಎಂದು ದೀಪದ ಮಾಮ ಒತ್ತಿ ಹೇಳಿದ್ದರಂತೆ. ಒಂದು ಗ್ರಾಂ ಹೆಚ್ಚು ಕಮ್ಮಿಯಾದರೆ ತಕ್ಕಡಿಯನ್ನು ಬಿಚ್ಚಿ ಮತ್ತೆ ಜೋಡಿಸುವ ನಮ್ಮ ಭಾವ, ಹೆಂಡತಿಯ ವಿಷಯಕ್ಕೆ ಬಂದಾಗ ಇಪ್ಪತ್ತೈದಕ್ಕೆ ತಿರುಗಿಸಿದರು. ಯಾರಿಗೂ ಹೇಳಲಿಲ್ಲ.

ಒಂದು ಬೆಳಿಗ್ಗೆ ಆರೂಕಾಲಿಗೆ ಅವರು ಮಹಡಿ ಹತ್ತಿ, ಟವೆಲ್ ತೆಗೆದು ಮಡಿಸಿಟ್ಟು, ಡಬ್ಬಿಯನ್ನು ಸೆಟ್ಟಿಗೆ ಸೇರಿಸಿದರು. ಅಕ್ಕ ಬಂದು ನೋಡಿದಳು.

"ಏನಿದು, ಊಟದ ಡಬ್ಬಿ?"

"ಕಂಪ್ರೆಸರ್. ಒಂದ್ಸಲ ಮಾತಾಡು."

"ನಂಗೆ ಬೇಡ."

"ಸರಿ," ಅಂದರು ಭಾವ. ಆದರೆ ಅಲ್ಲಿಂದ ಕದಲಲಿಲ್ಲ. ಹಾಗೇ ನಿಂತರು, ಕಂಬದ ಹಾಗೆ. ಅವರನ್ನು ಸಾಗಹಾಕಲಿಕ್ಕಾದರೂ ಕೂರಬೇಕಾಯಿತು ಅವಳು. ಸೆಟ್ಟಿಗೆ ಕಾಲಿನ ಪೆಡಲ್ ಇತ್ತು, ನನ್ನ ಹಳೆಯ ಹೊಲಿಗೆ ಯಂತ್ರದ್ದು; ಅದನ್ನು ಒತ್ತಿದರೆ ಮಾತು ಆಚೆ ಹೋಗುತ್ತದೆ, ಬಿಟ್ಟರೆ ಕೇಳಿಸಿಕೊಳ್ಳಬಹುದು. ಅಕ್ಕ ಪೆಡಲ್ ಒತ್ತಿ, ಲೈಸೆನ್ಸಿನಲ್ಲಿ ಕೊಟ್ಟಿದ್ದ ತನ್ನ ಕರೆಗುರುತನ್ನು ಹೇಳಿದಳು. ಮುಳ್ಳು ಎದ್ದಿತು. ಎದ್ದು ನಿಂತೇ ಇತ್ತು.

ಆ ಕಡೆಯಿಂದ ದೀಪದ ಮಾಮ ಕೂಗಿದರು, "ಸ್ಟೇಷನ್ನಕ್ಕಾ! ನೀವೇನಾ?"

"ನಾನೇ," ಅಂದಳು ಅಕ್ಕ. "ಗಾಡಿ ಮೂರು ತಿಂಗಳು ತಡವಾಗಿ ಬಂದಿದೆ. ಪ್ರಯಾಣಿಕರು ಕ್ಷಮಿಸಬೇಕು."

ಹದಿನಾರು ಜನರೂ ಒಟ್ಟಿಗೆ ಮಾತಾಡಿದರು. ಯಾರು ಏನಂದರೋ ಒಂದಕ್ಷರ ತಿಳಿಯಲಿಲ್ಲ. ಔಷಧಿ ಅಂಗಡಿಯವರು ಅಲ್ಲೇ ಹಾಜರಿಯ ಕೆಲಸವನ್ನು ಅಕ್ಕನಿಗೆ ಒಪ್ಪಿಸಿಬಿಟ್ಟರು. ಹಳೆಯ ದನಿಯಾಗಿರಲಿಲ್ಲ ಅದು. ಉಸಿರಿನ ಅಂಚಿನಲ್ಲಿ ನಿಂತ ದನಿ. ಆದರೆ ಒಂದೊಂದು ಅಕ್ಷರವೂ ಬಿಡಿಸಿಟ್ಟ ಹಾಗೆ ಕೇಳುತ್ತಿತ್ತಂತೆ.

ಎರಡನೇ ವಾರಕ್ಕೆ ದೂರುಗಳು ಶುರುವಾದವು. ದೂರು ಅನ್ನುವುದಕ್ಕಿಂತ ಅನುಮಾನ. "ಸ್ಟೇಷನ್ನಕ್ಕಾ, ನಿಮ್ಮನೇಲಿ ಹಾಲು ಉಕ್ತಿದೆಯಾ?" ಎಂದು ಬೇಕರಿಯವಳೊಬ್ಬಳು ಕೇಳಿದಳು. ಅಡುಗೆಮನೆ ಕೆಳಗಿತ್ತು. ಅಕ್ಕ ಇಳಿದು ಹೋಗಿ ನೋಡಿದರೆ ನಿಜವಾಗಿಯೂ ಉಕ್ಕುತ್ತಿತ್ತು. ಮರುದಿನ ಯಾರೋ ಫ್ಯಾನಿಗೆ ಎಣ್ಣೆ ಬಿಡಲು ಹೇಳಿದರು. ಅದರ ಮರುದಿನ ಬೆಕ್ಕಿಗೆ ಹಸಿವಾಗಿದೆ ಅಂದರು.

ಸಂಗತಿ ಸರಳ. ಆ ಡಬ್ಬಿಗೆ ಅಕ್ಕ ಯಾರು, ಬೆಕ್ಕು ಯಾವುದು ಅಂತ ಗೊತ್ತಿಲ್ಲ. ಅವಳು ಮಾತಾಡುವಾಗ ಅವಳ ಮಾತನ್ನು ಹಿಡಿದುಕೊಂಡಿರುತ್ತದೆ. ಅವಳು ಒಂದು ಗಳಿಗೆ ನಿಲ್ಲಿಸಿದರೆ, ಗಿಡ್ಡದವರು ಯಾರಿದ್ದೀರಿ ಬನ್ನಿ ಎಂದು ಕೋಣೆಯ ಸಣ್ಣಪುಟ್ಟ ಸದ್ದನ್ನೆಲ್ಲ ಬೆಂಚ್ ಹತ್ತಿಸುತ್ತದೆ. ಹತ್ತರಲ್ಲಿ ಇಟ್ಟಿದ್ದರೆ ಅಷ್ಟು ಬಾಧೆ ಇರಲಿಲ್ಲ. ಇಟ್ಟಿದ್ದು ಇಪ್ಪತ್ತೈದರಲ್ಲಿ.

ಇದನ್ನು ನಾವು ಸರಿಯಾಗಿ ಅರ್ಥಮಾಡಿಕೊಳ್ಳುವ ಮೊದಲೇ ಆ ಶುಕ್ರವಾರ ಬಂತು. ಅಕ್ಕ ಹೆಡ್‌ಫೋನ್ ಹಾಕಿಕೊಂಡು ಹಾಜರಿ ನಡೆಸುತ್ತಿದ್ದಳು. ನಾನು ಅವಳ ಹಿಂದೆ ಚಾಪೆಯ ಮೇಲೆ ಕೂತು ಅಂಗಿಯೊಂದಕ್ಕೆ ಗುಂಡಿಯ ಕಾಜಾ ಹೊಲಿಯುತ್ತಿದ್ದೆ. ಭಾವ ಲೋಟ ಹಿಡಿದು ನನ್ನ ಪಕ್ಕ ನಿಂತಿದ್ದರು. ಹತ್ತನೆಯವರು ಮುಗಿದು ಹನ್ನೊಂದನೆಯವರ ವಿವರ ಹುಡುಕಲು ಅಕ್ಕ ನೋಟ್‌ಬುಕ್ಕಿನ ಹಾಳೆ ಮಗುಚತೊಡಗಿದಳು. ಕಾಲು ಪೆಡಲಿನ ಮೇಲೇ ಇತ್ತು.

ನಾನು ಪಿಸುದನಿಯಲ್ಲಿ ಅಂದೆ, "ಎಷ್ಟು ಚೆನ್ನಾಗಿ ನಡೆಸ್ತಾಳಲ್ವಾ ಭಾವ?"

"ಮತ್ತೆ? ಆ ಔಷಧಿ ಅಂಗಡಿಯೋನು ಹಾಜರಿ ಹಾಕಿದ್ರೆ ಮಾತ್ರೆ ಪಟ್ಟಿ ಮೇಲಿನ ತಾರೀಕು ಓದಿದ ಹಾಗಿತ್ತು," ಅಂದರು ಅವರೂ ಪಿಸುದನಿಯಲ್ಲೇ.

ನಾನು ನಗು ತಡೆದುಕೊಂಡೆ. ಆಮೇಲೆ, ಬಹಳ ದಿನದಿಂದ ಮನಸ್ಸಿನಲ್ಲಿದ್ದದ್ದನ್ನು ಕೇಳಿದೆ. "ಅವಳ ಹಳೇ ಧ್ವನಿ ನೆನಪಾಗಲ್ವಾ ನಿಮಗೆ?"

ಭಾವ ಚಹಾ ಒಂದು ಗುಟುಕು ಕುಡಿದರು. "ಅದು ಊರೆಲ್ಲರ ಧ್ವನಿ," ಅಂದರು. "ಎಲ್ಲಿದ್ರೂ ಕೇಳ್ತಿತ್ತು. ಅದಕ್ಕೇ ನಾನು ದೂರದಲ್ಲೇ ಕೂತು ಕೇಳ್ತಿದ್ದೆ. ಈಗಿನ್ದು ಪಕ್ಕದಲ್ಲಿ ಹೋಗಿ ಕೂತ್ರೆ ಮಾತ್ರ ಕೇಳುತ್ತೆ. ಈ ಮೂರು ತಿಂಗಳು ಅವಳ ಪಕ್ಕದಲ್ಲಿ ಎಷ್ಟು ಕೂತಿದ್ದೀನಿ ಗೊತ್ತಾ? ಮದುವೆಯಾದಾಗಲೂ ಅಷ್ಟು ಕೂತಿರಲಿಲ್ಲ. ಈ ಡಬ್ಬಿ ಮಾಡಿ ತಪ್ಪು ಮಾಡಿದ್ನೇನೋ ಅನ್ಸುತ್ತೆ ಒಂದೊಂದ್ಸಲ. ಸ್ವಾರ್ಥ ನೋಡು ನಂದು."

ಅಷ್ಟರಲ್ಲಿ ಅಕ್ಕನಿಗೆ ಹಾಳೆ ಸಿಕ್ಕಿತು. ಹನ್ನೊಂದನೆಯವರನ್ನು ಕರೆದು ಪೆಡಲ್ ಬಿಟ್ಟಳು. ಕೇಳಿಸಿಕೊಳ್ಳುತ್ತಾ ಅವಳ ಹುಬ್ಬು ಮೇಲೇರಿತು. ಹೆಡ್‌ಫೋನಿನ ತಂತಿಯನ್ನು ಎಳೆದು ಕಿತ್ತಳು. ಸ್ಪೀಕರಿನಲ್ಲಿ ಬಂದದ್ದು ಹನ್ನೊಂದನೆಯವರ ದನಿಯಲ್ಲ, ಔಷಧಿ ಅಂಗಡಿಯವರದು.

"...ಅದೇ ಹೇಳ್ತಿದ್ದೀನಿ ಸ್ಟೇಷನ್ನಕ್ಕಾ, ತಾರೀಕು ಓದೋನು ಇಲ್ಲೇ ಕೂತು ಕೇಳಿಸ್ಕೊಳ್ತಿದ್ದಾನೆ ಅಂತ ನಿಮ್ಮೆಜಮಾನ್ರಿಗೆ ತಿಳಿಸಿ."

ಭಾವನ ಕೈಯಲ್ಲಿದ್ದ ಲೋಟ ಓರೆಯಾಗಿ ಚಹಾ ನನ್ನ ಕಾಜಾದ ಮೇಲೆ ಬಿತ್ತು. ಅಕ್ಕ ಒಮ್ಮೆ ಅವರನ್ನು ನೋಡಿ, ಪೆಡಲ್ ಒತ್ತಿ ಕೇಳಿದಳು, "ಇವರು ಇನ್ನೇನಂದ್ರು?"

ದೀಪದ ಮಾಮ ಗಂಟಲು ಸರಿಮಾಡಿಕೊಂಡರು. "ನಾನು ಹೇಳೋ ಮಾತಲ್ಲ ಅದು. ಆದ್ರೆ ನೀವು ಕೇಳದೇ ಹೋದ್ರೆ ಅನ್ಯಾಯ ಆಗುತ್ತೆ." ಆಮೇಲೆ ಭಾವ ಅಂದದ್ದನ್ನು ಒಂದು ಪದವೂ ತಪ್ಪದೆ ಒಪ್ಪಿಸಿದರು, ಪಾಠ ಒಪ್ಪಿಸುವ ಹಾಗೆ.

ಅಕ್ಕ ಪೆಡಲ್ ಒತ್ತಿದಳು. ಏನೂ ಹೇಳಲಿಲ್ಲ. ಡಬ್ಬಿಯಿಲ್ಲದ ಬರೀ ಸೆಟ್ಟಾಗಿದ್ದರೆ ಸುಮ್ಮನಿದ್ದಾಗ ಏನೂ ಹೋಗುತ್ತಿರಲಿಲ್ಲ. ಅವತ್ತು ಆ ಡಬ್ಬಿ ಅವಳ ಉಸಿರನ್ನೇ ಹಿಡಿದು ಹದಿನಾರು ಮನೆಗೆ ಮುಟ್ಟಿಸಿತು. ಎಷ್ಟೋ ಹೊತ್ತು ಬರೀ ಉಸಿರು ಕೇಳುತ್ತಿತ್ತು, ನಾವ್ಯಾರೂ ಮಧ್ಯೆ ಬಾಯಿ ಹಾಕಲಿಲ್ಲ ಎಂದು ಬೇಕರಿಯವಳು ಆಮೇಲೆ ನನಗೆ ಹೇಳಿದಳು.

"ಹಾಜರಿ ಮುಂದುವರಿಸೋಣ," ಅಂದಳು ಅಕ್ಕ. "ಹನ್ನೊಂದನೆಯವರು."

ತಿರುಗಿ ನೋಡಿದರೆ ಭಾವ ಇರಲಿಲ್ಲ. ಚಪ್ಪಲಿ ಕೂಡ ಹಾಕಿಕೊಳ್ಳದೆ ಅಂಗಡಿಗೆ ಓಡಿಹೋಗಿದ್ದರು.

ಅವತ್ತು ಅಕ್ಕ ಕೆಲಸಕ್ಕೆ ರಜೆ ಹಾಕಿದಳು. ಹನ್ನೊಂದು ಗಂಟೆಯ ಹೊತ್ತಿಗೆ ಅವರ ಚಪ್ಪಲಿ ಕೈಯಲ್ಲಿ ಹಿಡಿದು ನನ್ನ ಅಂಗಡಿಯ ಮುಂದೆ ಹಾದು ಹೋದಳು. ನಾನು ಬಾಗಿಲಿಗೆ ಬಂದು ಕದ್ದು ನೋಡಿದೆ. ಸುಳ್ಳು ಯಾಕೆ ಹೇಳಲಿ. ಭಾವ ಬೆಂಚಿನ ಮೇಲೆ ಕೂತು, ಒಂದು ತಕ್ಕಡಿಯ ಮುಳ್ಳನ್ನು ಏನೋ ಬಹಳ ತೊಂದರೆಯಿದೆ ಎಂಬ ಹಾಗೆ ದಿಟ್ಟಿಸುತ್ತಿದ್ದರು. ಅಕ್ಕ ಚಪ್ಪಲಿ ಅವರ ಕಾಲ ಬಳಿ ಇಟ್ಟು, ಬೆಂಚಿನ ಮೇಲಿದ್ದ ಸ್ಪ್ಯಾನರುಗಳನ್ನು ಪಕ್ಕಕ್ಕೆ ಸರಿಸಿ, ಭುಜಕ್ಕೆ ಭುಜ ತಾಗಿಸಿ ಕೂತಳು. ಅವರ ಕಿವಿಯ ಹತ್ತಿರ ಬಾಗಿ ಏನೋ ಹೇಳಿದಳು. ಒಂದು ಮಾತಲ್ಲ, ಸುಮಾರು ಹೊತ್ತು ಹೇಳಿದಳು.

ಏನು ಹೇಳಿದಳೋ ನನಗೆ ಗೊತ್ತಿಲ್ಲ. ಆ ದೂರಕ್ಕೆ ಅವಳ ದನಿ ಬರುವುದಿಲ್ಲ. ಭಾವ ಮೊದಲು ತಲೆ ತಗ್ಗಿಸಿದರು, ಆಮೇಲೆ ಕಿವಿ ಕೆಂಪಾಯಿತು, ಆಮೇಲೆ ಜೋರಾಗಿ ನಕ್ಕುಬಿಟ್ಟರು. ಪೋಸ್ಟಾಫೀಸಿನವನು ತನ್ನ ತಕ್ಕಡಿ ಕೇಳಲು ಬಂದವನು ಬಾಗಿಲಲ್ಲೇ ನಿಂತು, ಹೊತ್ತಲ್ಲದ ಹೊತ್ತಿಗೆ ಬಂದೆನೇನೋ ಎಂದು ನನ್ನ ಕಡೆ ನೋಡಿದ. ನಾನು ಕಣ್ಣಲ್ಲೇ ಅವನನ್ನು ವಾಪಸ್ ಕಳಿಸಿದೆ.

ಡಬ್ಬಿಯನ್ನು ಭಾವ ಆ ಭಾನುವಾರವೇ ಸರಿಮಾಡಿದರು. ಹತ್ತಕ್ಕೆ ಇಳಿಸಿದರು. ಮಾತು ನಿಂತ ಕೂಡಲೇ ಸಣ್ಣ ಸದ್ದುಗಳನ್ನು ಎತ್ತದೆ, ತುಸು ಹೊತ್ತು ತಾಳುವ ಹಾಗೆ ಮಾಡಿದರು. ಬೆಕ್ಕಿನ ಸುದ್ದಿ ಬಂದ್ ಆಯಿತು. ದೂರದ ಮನೆಗಳವರಿಗೆ ಅದು ಸ್ವಲ್ಪ ಬೇಸರವೇ ಆಯಿತು. ಔಷಧಿ ಅಂಗಡಿಯವರಿಗೆ ಭಾವ ಕ್ಷಮೆ ಕೇಳಿ ಕಾಗದ ಬರೆದರು. ಅವರು ಉತ್ತರವಾಗಿ ಗಂಟಲಿಗೆ ಚಪ್ಪರಿಸುವ ಮಾತ್ರೆಯ ಡಬ್ಬ ಕಳಿಸಿ, "ತಾರೀಕು ನೋಡಿ ತಿನ್ನಿ" ಎಂದು ಬರೆದಿದ್ದರು.

ಅಕ್ಕನ ಹಳೆಯ ಧ್ವನಿ ವಾಪಸ್ ಬರಲಿಲ್ಲ. ವರ್ಷದ ಕೊನೆಯಲ್ಲಿ ಡಾಕ್ಟರು ಇನ್ನು ಇಷ್ಟೇ ಅಂದರು. ಆಮೇಲೆ ಹಾಜರಿಗೆ ಸೇರಿದ ಹೊಸಬರಿಗೆ ಅವಳಿಗೆ ಬೇರೆ ಧ್ವನಿ ಇತ್ತೆಂಬುದೇ ಗೊತ್ತಿಲ್ಲ. ಅವರೆಲ್ಲರಿಗಿಂತ ಮೊದಲು ಸೇರಿದವರು, ಹಳೆಯ ಧ್ವನಿ ಬಲ್ಲವರು, ನಮ್ಮ ಭಾವನೇ. ತಕ್ಕಡಿಗಳ ನಡುವೆ ಪುಸ್ತಕ ಇಟ್ಟುಕೊಂಡು ಓದಿ, ಪರೀಕ್ಷೆ ಕಟ್ಟಿ, ಎರಡನೇ ಸಲಕ್ಕೆ ಪಾಸಾಗಿ ತಮ್ಮದೇ ಕರೆಗುರುತು ಪಡೆದರು. ಮೊದಲ ದಿನ ಅಂಗಡಿಯಲ್ಲಿ ಒಂದು ಪುಟ್ಟ ಸೆಟ್ ಇಟ್ಟುಕೊಂಡು ಕೂತರು. ಮಹಡಿಯಿಂದ ಅಕ್ಕ ಕರೆದಳು, "ಹದಿನೆಂಟನೆಯವರು."

"ಹಾಜರ್," ಅಂದರು ಭಾವ, ಶಾಲೆಯಲ್ಲಿ ಹೇಳುವ ಹಾಗೆ. ಅಷ್ಟೇ.

"ಇನ್ನೂ ಸ್ವಲ್ಪ ಮಾತಾಡಬೇಕು," ಅಂದಳು ಅಕ್ಕ. "ನಿನ್ನೆ ಏನು ಕೆಲಸ ಮಾಡಿದ್ರಿ, ಹೇಳಿ."

ಭಾವ ಬೆವರು ಒರೆಸಿಕೊಂಡರು. ನಾನು ಪಕ್ಕದಲ್ಲೇ ಇದ್ದೆ, ಆದರೆ ಈ ಸಲ ಬಾಯಿ ಹೊಲಿದುಕೊಂಡಿದ್ದೆ. ಅವರು ಆಸ್ಪತ್ರೆಯ ತಕ್ಕಡಿಯ ವಿಷಯ ಶುರುಮಾಡಿದರು. ಅದು ನಲವತ್ತು ಗ್ರಾಂ ಕಮ್ಮಿ ತೋರಿಸುತ್ತಿದ್ದದ್ದು, ಸರಿಮಾಡಿ ಕೊಟ್ಟಾಗ ಅಲ್ಲೇ ಒಂದು ಕೂಸನ್ನು ತಂದು ಮಲಗಿಸಿದ್ದು, ಮುಳ್ಳು ನಿಲ್ಲುವವರೆಗೂ ಆ ಕೂಸು ಅಳದೆ ಇವರ ಬೆರಳು ಹಿಡಿದುಕೊಂಡಿದ್ದದ್ದು, ಅದರ ತಾಯಿ ತೂಕವನ್ನು ಎರಡೆರಡು ಸಲ ಕೇಳಿಸಿಕೊಂಡದ್ದು. ಹೇಳುತ್ತಾ ಹೇಳುತ್ತಾ ಬೆವರಿನ ನೆನಪೂ ಅವರಿಗೆ ಹೋಯಿತು. ನಾಲ್ಕು ನಿಮಿಷ ಮಾತಾಡಿದರು. ಹಾಜರಿಯಲ್ಲಿ ಒಬ್ಬೊಬ್ಬರಿಗೆ ಒಂದೇ ನಿಮಿಷ ಎಂಬ ನಿಯಮ ಮಾಡಿದವಳು ಅಕ್ಕನೇ. ಅವಳು ತಡೆಯಲಿಲ್ಲ.

"ಕೂಸಿನ ತೂಕ ಎಷ್ಟು ಬಂತು ಅಂತ ಹೇಳ್ಲೇ ಇಲ್ವಲ್ಲ?" ಎಂದು ಬೇಕರಿಯವಳು ನಡುವೆ ಬಂದು ಕೇಳಿದಳು.

"ಮೂರು ಕಿಲೋ ಇನ್ನೂರ ಹತ್ತು," ಅಂದರು ಭಾವ. "ಸರಿಯಾಗಿ."